ದೊಡ್ಡ ರುಮಾಲಿನ ಹತ್ತಿ ಕೋಳಿ

ಆಗ ಇಳಕಲ್ಲಿನಲ್ಲಿ ಚಳಿ ಬಿತ್ತೆಂದರೆ ಜನ ತಲೆ ಎತ್ತಿ ಮನೆಯ ಜಂತಿ ನೋಡುತ್ತಿದ್ದರು. ಒಂದು ಇಲಿ ಸತ್ತು ಬಿದ್ದರೆ ಸಾಕು, ಮಗ್ಗ ನಿಲ್ಲಿಸಿ, ಕೌದಿ ಸುತ್ತಿಕೊಂಡು, ಓಣಿಗೆ ಓಣಿಯೇ ಹೊಲಕ್ಕೆ ಹೋಗಿ ಜೋಳದ ಕಣಿಕೆಯ ಗುಡಿಸಲು ಹಾಕುತ್ತಿತ್ತು. ನನ್ನ ವಾರಿಗೆಯವರಿಗೆ ಪ್ಲೇಗಿನ ಚಳಿಗಾಲ ಎಂದರೆ ಬೇರೆ ಏನೂ ಹೇಳಬೇಕಾಗಿಲ್ಲ.

ಆ ವರ್ಷ ನಮ್ಮ ಓಣಿಯಲ್ಲಿ ಮೊದಲು ಸತ್ತವನು ಪಕ್ಕದ ಮನೆಯ ಅಬ್ದುಲ್. ಮುಂಬಯಿ ಗಿರಣಿಯಲ್ಲಿದ್ದವನು, ಹೆಂಡತಿ ಬಸುರಿ ಎಂದು ಊರಿಗೆ ಬಂದಿದ್ದ. ಬರುವಾಗ ಒಂದು ಜೋಡಿ ಕೋಳಿ ತಂದಿದ್ದ. ಮೈತುಂಬ ಹಿಂಜಿದ ಹತ್ತಿಯಂಥ ಪುಕ್ಕ. ಊದಿ ನೋಡಿದರೆ ಒಳಗೆ ಕಾಡಿಗೆಯಂಥ ಕರಿ ಚರ್ಮ. ಚೀನಾದ ಹಡಗಿನವರಿಂದ ಕೊಂಡದ್ದಂತೆ. ಊರು ಅದಕ್ಕೆ ಹತ್ತಿ ಕೋಳಿ ಎಂದಿತು. ಅದನ್ನು ನೋಡಲು ಹುನಗುಂದದಿಂದಲೂ ಜನ ಬರುತ್ತಿದ್ದರು; ಅಬ್ದುಲನ ಹೆಣ ಎತ್ತಲು ಮಾತ್ರ ನಾಲ್ಕು ಜನ ಸಿಗಲಿಲ್ಲ. ನಮ್ಮಪ್ಪ ಹೆಗಲು ಕೊಟ್ಟ.

ಹೊಲದಲ್ಲಿ ಅವರ ಗುಡಿಸಲು ನಮ್ಮದಕ್ಕೆ ಅಂಟಿಕೊಂಡಿತ್ತು. ಅಬ್ದುಲನ ತಾಯಿ ಹುಸೇನಬಿ, ನಮಗೆಲ್ಲ ಆಯಿ, ಸೊಸೆ ಮಾಲನಬಿ. ಕೋಳಿ ಅಲ್ಲೇ ಕಾವು ಕೂತು ಮರಿ ಮಾಡಿತು. ಮರಿ ಎದ್ದ ವಾರದಲ್ಲೇ ನರಿ ಬಂದು ತಾಯಿಯನ್ನೂ ಹುಂಜವನ್ನೂ ಒಯ್ದಿತು. ಬೆಳಿಗ್ಗೆ ಹೊಲದ ತುಂಬ ಅವುಗಳ ಹತ್ತಿ ಹಾರಾಡುತ್ತಿತ್ತು. ಆಯಿ ಅದನ್ನೆಲ್ಲ ಆರಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

"ನನ್ನ ಮಗ ತಂದಿದ್ದು ಇಷ್ಟ ಉಳದೈತಿ," ಎಂದಳು ಮರಿಗಳನ್ನು ತೋರಿಸಿ. "ಈ ಬೀಜ ಹೋಗಬಾರದು."

ಆ ಬೀಜ ಕಾಯ್ದವನು ನಾನು. ಕೋಳಿ ಸಾಕುವುದರಲ್ಲಿ ನನ್ನಷ್ಟು ಹೆಸರು ಮಾಡಿದ ಲಿಂಗವಂತರ ಹುಡುಗ ಆ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ಕರೆತನ್ನಿ, ಮೀಸೆ ಬೋಳಿಸಿಕೊಳ್ಳುತ್ತೇನೆ. ಒಡಕು ಗಡಿಗೆಯಲ್ಲಿ ಕುಳ್ಳಿನ ಬಿಸಿ ಬೂದಿ ತುಂಬಿ, ಮೇಲೆ ಹಂಚು ಮುಚ್ಚಿ, ಬುಟ್ಟಿಯ ನಡುವೆ ಇಟ್ಟು, ಸುತ್ತ ಮಗ್ಗದ ನೂಲಿನ ಚಿಂದಿ ತುರುಕುತ್ತಿದ್ದೆವು. ಕಾವು ಹೆಚ್ಚಾದರೆ ಮರಿಗಳು ಬಾಯಿ ತೆರೆದು ದೂರ ಸರಿಯುತ್ತಿದ್ದವು. ಕಡಿಮೆಯಾದರೆ ಒಂದರ ಮೇಲೊಂದು ಏರುತ್ತಿದ್ದವು. ಬೆಳಿಗ್ಗೆ ಕೆಳಗಿನದು ರೊಟ್ಟಿಯಂತೆ ಚಪ್ಪಟೆ. ಊರ ಕೋಳಿಯ ಪುಕ್ಕದಿಂದ ನೀರು ಜಾರುತ್ತದೆ. ಇವು ಇಬ್ಬನಿಯನ್ನು ಬಟ್ಟೆಯ ಹಾಗೆ ಕುಡಿದು ನಡುಗುತ್ತಿದ್ದವು. ಹಸಿಯಾದವನ್ನು ಅಂಗಿಯೊಳಗೆ ಹಾಕಿಕೊಂಡು ಓಡಾಡುತ್ತಿದ್ದೆ. ಅಂಗಿಯ ವಾಸನೆಗೆ ಚಿಣ್ಣಿದಾಂಡು ಆಡಲು ಯಾರೂ ಕರೆಯುತ್ತಿರಲಿಲ್ಲ.

ಅವ್ವ ಒಮ್ಮೆ ಹಿಡಿದೇಬಿಟ್ಟಳು. "ಕೊರಳಾಗ ಲಿಂಗ, ಉಡ್ಯಾಗ ಕೋಳಿ! ಶಿವಾ, ಎಂಥಾ ಮಗನ್ನ ಹಡದ್ನೋ!"

"ಎರಡಕ್ಕೂ ಬೆಚ್ಚಗ ಆಗತೈತಿ ಬಿಡಬೇ," ಎಂದೆ. ಬೆನ್ನಿಗೆ ಎರಡು ಬಿದ್ದವು. ಮರುದಿನ ನೋಡಿದರೆ ಆಯಿಯ ಗಡಿಗೆಗೆ ಬೂದಿ ಹೋಗುತ್ತಿದ್ದುದು ನಮ್ಮ ಒಲೆಯಿಂದ, ಒಯ್ಯುತ್ತಿದ್ದವಳು ಅವ್ವ.

ಆದರೂ ಚಳಿ ಮರಿಗಳನ್ನು ಒಂದೊಂದಾಗಿ ಎತ್ತಿಕೊಂಡಿತು. ಮನುಷ್ಯರನ್ನೂ ಹಾಗೆಯೇ, ನಮ್ಮ ದೊಡ್ಡಪ್ಪ ಆ ತಿಂಗಳಲ್ಲೇ ಹೋದ. ಶಿವರಾತ್ರಿ ಹತ್ತಿರ ಬರುವಷ್ಟರಲ್ಲಿ ಉಳಿದದ್ದು ಮೂರು ಕೋಳಿ. ಅದೇ ಹೊತ್ತಿಗೆ ಮಾಲನಬಿ ಹೆತ್ತಳು. ಗಂಡು ಕೂಸು. ಎದೆಯಲ್ಲಿ ಹಾಲಿಲ್ಲ. ಕೂಸು ಅಳುವುದನ್ನೂ ಬಿಟ್ಟು ಬರೀ ಬಾಯಿ ಆಡಿಸುತ್ತಿತ್ತು.

ಸೂಲಗಿತ್ತಿ ಕಲ್ಲವ್ವ ನೇರವಾಗಿ ಹೇಳಿದಳು: "ಕರಿ ಕೋಳಿ ಸಾರು ಕುಡಸ್ರಿ. ಇಲ್ಲಾಂದ್ರ ತಾಯಿನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ."

ಆಯಿ ಬಹಳ ಹೊತ್ತು ಬುಟ್ಟಿಯ ಮುಂದೆ ಕೂತಳು. "ಹುಂಜ ಕೊಯ್ಯೂಣು," ಎಂದಳು ಕೊನೆಗೆ. "ಹುಂಜ ಊರಾಗ ಬೇಕಾದಷ್ಟು. ಹ್ಯಾಂಟಿ ಉಳದರ ಬೀಜ ಉಳದಂಗ."

ಆದರೆ ಮೂರರಲ್ಲಿ ಹುಂಜ ಯಾವುದು? ಊರ ಕೋಳಿಯಾದರೆ ತಲೆಯ ತುರಾಯಿ ಕೆಂಪೇರುತ್ತದೆ, ಬಾಲ ಬಾಗುತ್ತದೆ, ಕುರುಡನಿಗೂ ತಿಳಿಯುತ್ತದೆ. ಇವಕ್ಕೆ ತುರಾಯಿಯೂ ಕಪ್ಪು, ಬಾಲವೂ ಹತ್ತಿಯ ಉಂಡೆ. ಬೇರೆಯಾಗಿ ಕಂಡದ್ದು ಪುಕ್ಕದ ಜುಟ್ಟು ಮಾತ್ರ. ಒಂದಕ್ಕೆ ಗುಂಡನೆಯ ದೊಡ್ಡ ಜುಟ್ಟು, ನಮ್ಮ ಗೌಡರು ಸುತ್ತಿದ ರುಮಾಲಿನ ಹಾಗೆ. ಉಳಿದೆರಡಕ್ಕೆ ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದಂತೆ ನಾಲ್ಕು ಎಳೆ.

"ಇದರಾಗ ಏನ್ ನೋಡೂದೈತಿ," ಎಂದಳು ಆಯಿ. "ರುಮಾಲು ಸುತ್ತಿದಾಂವ ಗಂಡಸು. ತಲಿ ಬಾಚಿದವು ಹೆಂಗಸರು."

"ಅಲ್ಲ ಆಯಿ," ಎಂದೆ. "ಬಾಚಿದ ಎರಡೂ ಎದಿಗೆ ಎದಿ ಕೊಟ್ಟು ಜಗಳಾಡತಾವು. ರುಮಾಲಿಂದು ಸುಮ್ನ ನುಚ್ಚು ತಿಂತೈತಿ. ಅದ ಹ್ಯಾಂಟಿ."

ಕಲ್ಲವ್ವ ನಕ್ಕಳು. "ಹೆಂಗಸರು ಜಗಳಾಡೂದು ನೀ ನೋಡೇ ಇಲ್ಲೇನಲೇ ಗುರ್ಯಾ? ನಿಮ್ಮವ್ವನ್ನ, ನಿಮ್ಮ ಕಾಕಿನ್ನ ನೋಡು ಹೋಗು."

"ಖರೇನ ಹೇಳ್ತೇನಿ. ದಿನಾ ಅಂಗ್ಯಾಗ ಇಟಗೊಂಡಾಂವ ನಾ!"

"ಮೊನ್ನಿ ಚಿಂದಿದು ಸತ್ತ ಇಲಿ ಮಾಡಿ ಸಾಹುಕಾರ್ರ ಗುಡಿಸಲದಾಗ ಒಗದಾಂವನೂ ನೀನ," ಎಂದಳು ಅವ್ವ. "ಸುಮ್ನ ಕೂಡು."

ಅದೂ ನಿಜವೇ. ಆ ಇಲಿ ನೋಡಿ ನಮ್ಮ ಸಾಹುಕಾರರು ಧೋತರ ಬಿಟ್ಟು ಹೊಲ ದಾಟಿದ್ದರು. ಅಷ್ಟು ಚೆಂದದ ಇಲಿಯನ್ನು ನೇಕಾರರ ಓಣಿಯಲ್ಲಿ ಮತ್ತೆ ಯಾರೂ ಮಾಡಿಲ್ಲ. ಆದರೆ ಅಂದು ನನ್ನ ಮಾತಿಗೆ ಬೆಲೆ ಇರಲಿಲ್ಲ.

ಮುಲ್ಲಾನನ್ನು ಕರೆಸಿ ರುಮಾಲಿನದನ್ನೇ ಕೊಯ್ಯಿಸಿದರು. ನಾನು ಗುಡಿಸಲ ಹಿಂದಿನಿಂದ ಇಣುಕುತ್ತಿದ್ದೆ. ಆಯಿ ಹೊಟ್ಟೆ ಸೀಳಿ ಕೈ ಹಾಕಿದಳು. ಕೈ ಅಲ್ಲೇ ನಿಂತಿತು. ಬೆರಳ ತುದಿಯಲ್ಲಿ ನವಣೆ ಕಾಳಿನಂಥ ಹಳದಿ ತತ್ತಿಗಳ ಗೊಂಚಲು.

ಆಯಿ ನನ್ನತ್ತ ನೋಡಿದಳು. "ನಾ ಹೇಳಿದ್ನಲ್ಲ" ಎನ್ನಲು ಬಾಯಿ ತೆರೆದಿದ್ದೆ, ಮುಚ್ಚಿದೆ. ಅವಳು ಗೊಂಚಲನ್ನೂ ಸಾರಿಗೆ ಹಾಕಿದಳು. "ಸೊಸಿಗೆ ಹೇಳಬ್ಯಾಡ ಬೇಟಾ," ಎಂದಳು.

ಮೆಣಸು, ಶುಂಠಿ ಹಾಕಿದ ಆ ಸಾರಿನ ಘಾಟು ಈಗಲೂ ಮೂಗಿನಲ್ಲಿದೆ. ಮಾಲನಬಿ ಕುಡಿದಳು. ಹಾಲು ಬಂತು. ಕೂಸು ಮತ್ತೆ ಅಳತೊಡಗಿತು; ಆ ಹೊಲದಲ್ಲಿ ಅಂಥ ಒಳ್ಳೆಯ ಸದ್ದು ನಾವು ಬಹಳ ದಿನ ಕೇಳಿರಲಿಲ್ಲ. ಅವಳ ಕಾಲಿಗೆ ಬಲ ಬಂದ ಮೇಲೆ ಹುನಗುಂದದಿಂದ ಅವಳ ಅಣ್ಣ ಚಕ್ಕಡಿ ಹೂಡಿಕೊಂಡು ಬಂದ.

"ತಂಗಿನ್ನ ಇಲ್ಲೆ ಸಾಯಾಕ ಬಿಡಾಂವ ಅಲ್ಲ ನಾ," ಎಂದ.

"ಕರಕೊಂಡು ಹೋಗಪಾ. ಅಲ್ಲೆ ಬೇನಿ ಇಲ್ಲ," ಎಂದಳು ಆಯಿ. ಕೂಸನ್ನು ತಾನೇ ಎತ್ತಿ ಚಕ್ಕಡಿಯಲ್ಲಿಟ್ಟು, ಸೆರಗಿನಲ್ಲಿ ಕಟ್ಟಿಟ್ಟಿದ್ದ ಕೋಳಿಗಳ ಹತ್ತಿಯನ್ನೆಲ್ಲ ಅದರ ತಲೆಯ ಕೆಳಗೆ ಹಾಸಿದಳು.

ಮರುದಿನ ಬೆಳಿಗ್ಗೆ ಬುಟ್ಟಿಯಲ್ಲಿ ಒಂದು ಕೋಳಿ ಗಂಟಲು ಕಟ್ಟಿದಂತೆ ಕೂಗಿತು. ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು.

ಮಳೆಗಾಲಕ್ಕೆ ಊರಿಗೆ ಮರಳಿದೆವು. ಆಯಿ ಎರಡೂ ಹುಂಜಗಳನ್ನು ಊರ ಹೇಂಟೆಗಳ ಜೊತೆ ಬಿಟ್ಟಳು. ಮರಿಗಳು ಎದ್ದಾಗಲೆಲ್ಲ ನನ್ನನ್ನು ಕರೆಯುತ್ತಿದ್ದಳು. ಇಬ್ಬರೂ ಕೂತು ಒಂದೊಂದರ ಮೈ ಊದುತ್ತಿದ್ದೆವು. ಕೆಲವಕ್ಕೆ ಚರ್ಮ ಕಪ್ಪು. ಪುಕ್ಕ ಮಾತ್ರ ಎಲ್ಲವಕ್ಕೂ ಊರ ಕೋಳಿಯದೇ. ಮರುವರ್ಷದ ಚಳಿಯಲ್ಲಿ ಪ್ಲೇಗು ಹುನಗುಂದಕ್ಕೆ ಹೋಯಿತು. ಮಾಲನಬಿಯೂ ಕೂಸೂ ಹೋದ ಸುದ್ದಿ ಬಂದ ದಿನದಿಂದ ಆಯಿ ಮರಿಗಳನ್ನು ಊದುವುದನ್ನು ಬಿಟ್ಟಳು.

ಈಗ ಆ ಓಣಿಯಲ್ಲಿ ಅವರ ಮನೆಯಿಲ್ಲ, ಆ ಕೋಳಿಯನ್ನು ಕಂಡವರಲ್ಲಿ ನಾನೊಬ್ಬನೇ ಉಳಿದಿದ್ದೇನೆ. ಯಾರದಾದರೂ ಅಂಗಳದಲ್ಲಿ ಕರಿ ಕಾಲಿನ ಮರಿ ಕಂಡರೆ ಎತ್ತಿಕೊಳ್ಳುತ್ತೇನೆ. "ಅಜ್ಜಾ, ಗಂಡೋ ಹೆಣ್ಣೋ?" ಎಂದು ಹುಡುಗರು ಕೇಳುತ್ತಾರೆ. ನನಗೆ ಗೊತ್ತಿರುತ್ತದೆ. ಹೇಳುವುದಿಲ್ಲ. ಕೈಯಲ್ಲಿ ಒಂದಿಷ್ಟು ಹೊತ್ತು ಬೆಚ್ಚಗೆ ಹಿಡಿದು, ಕೆಳಗೆ ಬಿಡುತ್ತೇನೆ.