ಹನ್ನೆರಡು ಹೆಂಗಸರ ಲೆಕ್ಕ

ಹರದನಹಳ್ಳಿಯ ಸುಧಾಮಣಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. ಮೂರನೆಯ ಸಲ ಕಟ್ಟಿಸಲು ಅವಳಪ್ಪನಿಗೆ ಧೈರ್ಯ ಬರಲಿಲ್ಲ, ಅವಳಿಗಂತೂ ಮೊದಲೇ ಇರಲಿಲ್ಲ. ಸಂತೆಮರಹಳ್ಳಿಯ ಮಹದೇವಯ್ಯನವರ ರೇಷ್ಮೆ ಕಾರ್ಖಾನೆಗೆ ಸೇರಿ, ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಮುಳುಗಿಸಿ ನೂಲು ಎಳೆಯುತ್ತಾ ಒಂಬತ್ತು ವರ್ಷ ಕಳೆದಳು.

೧೯೯೪ರಲ್ಲಿ ಸೂಪರ್‌ವೈಸರ್ ಕೆಲಸ ಖಾಲಿಯಾಯಿತು. ಅದು ತನಗೇ ಸಿಗಬೇಕೆಂದು ಸುಧಾಮಣಿ ಆಸೆಪಟ್ಟಳು, ಬಾಯಿಬಿಟ್ಟು ಕೇಳಿಯೂಬಿಟ್ಟಳು. ಮಹದೇವಯ್ಯನವರು ಯಾರನ್ನೂ ಬೇಡವೆನ್ನದೆ ಎಲ್ಲರಿಗೂ ಪರೀಕ್ಷೆ ಇಟ್ಟರು. ಪರೀಕ್ಷೆ ಇಟ್ಟರೆ ನ್ಯಾಯ ಮಾಡಿದಂತೆ ಎಂದು ನಂಬಿದವರು ಅವರೊಬ್ಬರೇ ಅಲ್ಲವಲ್ಲ! ಯಾರೋ ಮೇಷ್ಟ್ರು ಬರೆದುಕೊಟ್ಟ ಪತ್ರಿಕೆಯಲ್ಲಿ ಇದ್ದದ್ದು ಒಂದೇ ಲೆಕ್ಕ: 'ಎಂಟು ಹೆಂಗಸರು ದಿನಕ್ಕೆ ನಾಲ್ಕು ಕಿಲೋ ನೂಲು ತೆಗೆದರೆ ಹನ್ನೆರಡು ಹೆಂಗಸರು ಎಷ್ಟು ತೆಗೆಯುತ್ತಾರೆ?' ಸುಧಾಮಣಿ ಬಹಳ ಹೊತ್ತು ಪೆನ್ನು ಕಚ್ಚಿ, 'ಯಾವ ಹೆಂಗಸರು ಅಂತ ಹೇಳಿಲ್ಲ' ಎಂದು ಬರೆದಳು. ಸೊನ್ನೆ ಬಂತು. ಕೆಲಸ ಪಿಯುಸಿ ಪಾಸಾಗಿದ್ದ ಮಾದೇಶನಿಗೆ ಸಿಕ್ಕಿತು. ಆ ಸಂಜೆ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಅತ್ತಳು.

ಮಾದೇಶ ಕೆಟ್ಟವನೇನಲ್ಲ, ಶಾಲೆಯಲ್ಲಿ ಕಂಡದ್ದನ್ನೇ ಇಲ್ಲಿಗೂ ತಂದ, ಅಷ್ಟೆ. ಬಾಗಿಲ ಬಳಿ ಒಂದು ಬೋರ್ಡು ನೇತುಹಾಕಿ, ಯಾರ ತೊಟ್ಟಿಯಲ್ಲಿ ಎಳೆ ಹರಿದು ವೇಸ್ಟ್ ಹೆಚ್ಚಾಯಿತೋ ಅವರ ಹೆಸರು ಬರೆಯತೊಡಗಿದ. ಓದು ಬಾರದ ಹೆಂಗಸರಿಗೂ ತಮ್ಮ ಹೆಸರು ಮಾತ್ರ ಚೆನ್ನಾಗಿ ಗುರುತು ಹತ್ತುತ್ತಿತ್ತು. ವಾರ ಕಳೆಯುವುದರೊಳಗೆ ವೇಸ್ಟ್ ಮಂಗಮಾಯ! ಎಲ್ಲರೂ ಅದನ್ನು ಸೆರಗಿನಲ್ಲಿ ಮುದುರಿಕೊಂಡು ಹೋಗಿ ಬೇಲಿಯಾಚೆ ಎಸೆದು ಬರುತ್ತಿದ್ದರು. ಬೋರ್ಡು ಖಾಲಿ ಇತ್ತು. ಆದರೆ ನೂಲು ದಿನದಿಂದ ದಿನಕ್ಕೆ ಇಳಿಯಿತು, ಅದರಲ್ಲೂ ಪಡುವಣ ಸಾಲಿನ ಹನ್ನೆರಡು ತೊಟ್ಟಿಗಳಲ್ಲಿ ಅರ್ಧಕ್ಕರ್ಧ, ದಿನಕ್ಕೆ ಮೂರೇ ಕಿಲೋ.

ಒಂದು ಗುರುವಾರ ಮಹದೇವಯ್ಯನವರು ಬಂದು, "ಸೋಮವಾರದಿಂದ ಪಡುವಣ ಸಾಲು ಮುಚ್ತೀನಿ. ಆ ಹನ್ನೆರಡು ಜನ ಇನ್ನು ಬರೋದು ಬ್ಯಾಡ" ಎಂದರು.

ಸುಧಾಮಣಿಯ ತೊಟ್ಟಿ ಇದ್ದದ್ದು ಮೂಡಣ ಸಾಲಿನಲ್ಲಿ. ಸುಮ್ಮನಿದ್ದರೆ ಅವಳಿಗೇನೂ ನಷ್ಟವಿರಲಿಲ್ಲ. ಆದರೂ ಎದ್ದು ನಿಂತಳು.

"ಯಜಮಾನ್ರೇ, ನಾಳೆ ಒಂದಿನ ನನ್ ಕೈಗೆ ಬುಡಿ."

"ಬುಟ್ರೆ ಏನ್ ಮಾಡೀಯೆ?"

"ಇವರ್ನ ಕೇಳ್ತೀನಿ. ಇಲ್ಲೀಗಂಟ ಯಾರೂ ಕೇಳ್ನಿಲ್ವಲ್ಲ."

ಯಜಮಾನರು ಒಂದು ದಿನಕ್ಕೆ ಒಪ್ಪಿದರು. ಶುಕ್ರವಾರ ಬೆಳಿಗ್ಗೆ ಸುಧಾಮಣಿ ಬೋರ್ಡನ್ನು ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ಇಟ್ಟಳು. ತನ್ನ ತೊಟ್ಟಿಯ ವೇಸ್ಟನ್ನು ಒಂದು ಮೊರದಲ್ಲಿ ಹಾಕಿ ಎಲ್ಲರ ನಡುವೆ ಇಟ್ಟಳು.

"ಇದು ನಾನು ಹಾಳ್ಮಾಡಿರೋದು ಕಣ್ರಮ್ಮಾ. ಬೈಯಂಗಿದ್ರೆ ಮೊದ್ಲು ನನ್ನೇ ಬೈಲಿ. ನಿಮ್ದೂ ಅವರವರ ತೊಟ್ಟಿ ಮುಂದೆ ಇಡಿ."

ಎಲ್ಲರೂ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಕೊನೆಗೆ ಪಡುವಣ ಸಾಲಿನ ಹಿರಿಯಳಾದ ಗುರುಮಲ್ಲಮ್ಮ ಸೆರಗಿನಿಂದ ಒಂದು ಮುದ್ದೆ ತೆಗೆದು ಮುಂದಿಟ್ಟಳು. ಅವಳನ್ನು ನೋಡಿ ಪಕ್ಕದವಳು, ಆಮೇಲೆ ಉಳಿದವರು. ಮೂಡಣ ಸಾಲಿನಲ್ಲಿ ಒಂದೊಂದು ಹಿಡಿ, ಪಡುವಣ ಸಾಲಿನಲ್ಲಿ ರಾಶಿ ರಾಶಿ. ಹನ್ನೆರಡು ಜನರ ಕೈಯೂ ಒಟ್ಟಿಗೆ ಕೆಡುವುದುಂಟೆ?

ಊಟದ ಹೊತ್ತಿಗೆ ಸುಧಾಮಣಿ ತನ್ನ ಡಬ್ಬಿ ಹಿಡಿದು ಅವರ ನಡುವೆ ಹೋಗಿ ಕೂತಳು. "ಯಾವತ್ತಿಂದ ಹಿಂಗೆ?" ಎಂದಳು.

ಎಳೆಯವಳಾದ ರಾಚಮ್ಮ ಮೆಲ್ಲಗೆ ಹೇಳಿದಳು: "ನಮ್ ಸಾಲಿಗೆ ಹೊಸ ಬೋರ್ ನೀರು ಬುಟ್ಟಾಗಿಂದ ಕಣಕ್ಕ. ಆ ನೀರ ಒಂದ್ ಬಿಂದ್ಗೆ ಮನೆಗೆ ತಕ್ಕೋಗಿದ್ದೆ. ಬ್ಯಾಳೆನೇ ಬೇಯ್ನಿಲ್ಲ."

"ಮಾದೇಶಪ್ಪಂಗೆ ಯಾಕಮ್ಮಿ ಹೇಳ್ನಿಲ್ಲ?"

"ನೀರ್ ಕದ್ದೋದ್ಲು ಅಂತ ಬೋರ್ಡಲ್ಲಿ ಬರ್ದ್ಬುಟ್ರೆ?"

ಸುಧಾಮಣಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಳೆ ಬೇಯಿಸದ ಗಡಸು ನೀರು ಗೂಡಿನ ಅಂಟನ್ನು ಬಿಡಿಸೀತೆ? ಮೂಡಣ ಸಾಲಿಗೆ ಬರುತ್ತಿದ್ದದ್ದು ಹಳೆಯ ಬಾವಿಯ ನೀರು. ಹನ್ನೆರಡು ತೊಟ್ಟಿಗಳನ್ನೂ ಬರಿದು ಮಾಡಿಸಿ ಬಾವಿಯ ನೀರು ಹೊರಿಸಿದಳು. ವಿಷಯ ತಿಳಿದ ಮಾದೇಶ ಪ್ಯಾಂಟು ಮಡಚಿಕೊಂಡು ತಾನೂ ಕೊಡ ಹೊತ್ತ. ಸಂಜೆಯ ಹೊತ್ತಿಗೆ ಎಳೆ ಹರಿಯದೆ ಸರಾಗವಾಗಿ ಬರತೊಡಗಿತು.

ಶನಿವಾರ ಸಂಜೆ ಪಡುವಣ ಸಾಲಿನ ನೂಲು ತೂಗಿದರು. ಆರೂವರೆ ಕಿಲೋ! ಮಹದೇವಯ್ಯನವರು ಆಫೀಸಿನೊಳಗೆ ಹೋಗಿ ಒಂದು ಹಾಳೆ ಹಿಡಿದು ಬಂದರು. ಅವಳದೇ ಸೊನ್ನೆಯ ಪತ್ರಿಕೆ.

"ಸಾಲು ಮುಚ್ಚಲ್ಲ. ಸೋಮವಾರದಿಂದ ಸೂಪರ್‌ವೈಸರ್ ನೀನೇ, ಮಾದೇಶ ಆಫೀಸಿನ ಕಾಗದಪತ್ರ ನೋಡ್ಕಳ್ಲಿ. ಆದ್ರೆ ಈ ಲೆಕ್ಕ ಬಾಕಿ ಅದೆ. ಹನ್ನೆರಡು ಹೆಂಗಸರು ಎಷ್ಟು ತೆಗೀತಾರೆ?"

"ಈಗ ಯಾವ ಹೆಂಗಸ್ರು ಅಂತ ಗೊತ್ತಾಯ್ತಲ್ಲ ಯಜಮಾನ್ರೇ. ಇವ್ರೇಯ. ಬೋರ್ಡಲ್ಲಿ ಹೆಸ್ರು ಬರುದ್ರೆ ಮೂರು, ಪಕ್ಕದಲ್ಲಿ ಕೂತು ಕೇಳುದ್ರೆ ಆರೂವರೆ."

ಮಹದೇವಯ್ಯನವರು ಜೇಬಿನ ಪೆನ್ನು ತೆಗೆದು ಸೊನ್ನೆಯನ್ನು ಹೊಡೆದುಹಾಕಿ, ಪಕ್ಕದಲ್ಲಿ ನೂರು ಎಂದು ಬರೆದು ಸಹಿ ಹಾಕಿ ಅವಳ ಕೈಗೆ ಕೊಟ್ಟರು. ಆ ಸಂಜೆ ಹರದನಹಳ್ಳಿಯ ಬಸ್ಸಿನಲ್ಲಿ ಸುಧಾಮಣಿ ಕಿಟಕಿಯ ಕಡೆ ತಿರುಗಲೇ ಇಲ್ಲ. ಹಾಳೆ ಬಿಚ್ಚಿ, ಟಿಕೆಟ್ ಕೊಡಲು ಬಂದ ಕಂಡಕ್ಟರಿಗೂ ತೋರಿಸಿದಳು: "ನೋಡಣ್ಣಾ, ಗಣಿತದಲ್ಲಿ ಪಾಸಾದೆ!"