ತಾಳೆ ನೋಡದ ಕಾಗದ

ಬಸವಂತರಾವ್ ಅವರ ಓದು ತಪ್ಪಿರಲಿಲ್ಲ. ತಪ್ಪು ಮಾಡಿದವಳು ನಾನು. ಗೊತ್ತಿದ್ದೂ ಅವರ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ — ಅವರು ನಂಬಿದರು — ನಂಬಿ, ಇಪ್ಪತ್ತಾರು ವರ್ಷ ಇಬ್ಬರೂ ಸೇರಿ ಮಾಡಿದ ಕೆಲಸ ಬಿಟ್ಟು ಮನೆಗೆ ಹೋದರು. ಮೂರು ವರ್ಷ ನಾನು ಬಾಯಿ ಬಿಡಲಿಲ್ಲ. ಇದಿಷ್ಟೇ ವಿಷಯ. ಮುಂದೆ ಓದಿ ನನ್ನ ಮೇಲೆ ಕನಿಕರ ಪಡುವವರಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಕನಿಕರ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನ ಜೀವಮಾನಕ್ಕಾಗುವಷ್ಟು ‘ಪಾಪ, ಕಸ್ತೂರಿ’ ಕೇಳಿಸಿಕೊಂಡಾಗಿದೆ.

ನಾಂಪಲ್ಲಿಯಲ್ಲಿ ಮೊದಲನೆಯ ಮಹಡಿಯ ಒಂದು ಕೋಣೆ ನಮ್ಮ ಕಚೇರಿ. ರಾಯಚೂರು, ಕೊಪ್ಪಳ, ಕಲಬುರಗಿ ಕಡೆಯ ಹಳೆಯ ಹೊಲ-ಮನೆ ಪತ್ರಗಳೆಲ್ಲ ನಿಜಾಮರ ಕಾಲದವು, ಉರ್ದುವಿನಲ್ಲಿರುವಂಥವು. ಕೋರ್ಟಿಗೆ ಅವುಗಳ ಕನ್ನಡ ಬೇಕು. ಆ ಪತ್ರಗಳನ್ನು ಶಿಕಸ್ತಾ ಎಂಬ ಓಡುಬರಹದಲ್ಲಿ ಬರೆದಿರುತ್ತಾರೆ. ಅಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಚುಕ್ಕಿಗಳು ಇರುವುದೇ ಇಲ್ಲ. ಉರ್ದು ಪೇಪರ್ ಸರಾಗವಾಗಿ ಓದುವವರಿಗೂ ಅದು ಹತ್ತುವುದಿಲ್ಲ. ರಾಯಚೂರು ಜಿಲ್ಲೆಯವರಾದ ಬಸವಂತರಾವ್ ಅದನ್ನು ತಮ್ಮ ಅಜ್ಜನಿಂದ ಕಲಿತಿದ್ದರು. ನನಗೆ ಉರ್ದುವಿನ ಒಂದಕ್ಷರ ಬಾರದು. ನಾನು ಬೆಳೆದದ್ದು ಇದೇ ಊರಿನ ಕುಷಾಯಿಗೂಡದಲ್ಲಿ. ಧಾರವಾಡದ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದ ಅಪ್ಪ ಹಠ ಹಿಡಿದು ಮನೆಯಲ್ಲೇ ತಿದ್ದಿಸಿದ ಕನ್ನಡ ನನ್ನದು. ಅವರು ಓದಿ ಅರ್ಥ ಹೇಳಬೇಕು, ನಾನು ಬರೆಯಬೇಕು. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ನಡೆಯದು.

ಅವರು ಹೇಳಿದ್ದನ್ನು ಮೊದಲು ಕಚ್ಚಾ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಅದನ್ನು ನೋಡಿ ಒಳ್ಳೆಯ ಕಾಗದಕ್ಕೆ ಇಳಿಸುತ್ತಿದ್ದೆ. ಕೊನೆಗೆ ತಾಳೆ — ನಾನು ಕನ್ನಡವನ್ನು ಗಟ್ಟಿಯಾಗಿ ಓದಬೇಕು, ಅವರು ಉರ್ದುವಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಜೊತೆಗೆ ಬರಬೇಕು. ಆಮೇಲಷ್ಟೇ ಇಬ್ಬರ ಸಹಿ. ತಾಳೆ ನೋಡದ ಒಂದು ಕಾಗದವೂ ಕೋಣೆಯ ಹೊಸ್ತಿಲು ದಾಟಬಾರದೆಂಬುದು ಅವರೇ ಮಾಡಿದ ನೇಮ. ಎಂಥ ಅವಸರದ ವಕೀಲ ಬಂದು ಕೂತರೂ ಅವರು ಜಗ್ಗುತ್ತಿರಲಿಲ್ಲ.

ಮೊದಲ ಎರಡು ವರ್ಷ ನಾವು ಪ್ರೀತಿಸಿದೆವು. ಸುತ್ತಿ ಬಳಸಿ ಹೇಳುವುದೇಕೆ. ಮೇಜಿನ ಒಂದೇ ಬದಿಗೆ ಅಂಟಿಕೊಂಡು ಕೂತು ತಾಳೆ ನೋಡುತ್ತಿದ್ದೆವು. ಸಾಲು ತಪ್ಪಿದರೆ ನಗುತ್ತಿದ್ದೆವು. ಒಂದು ಜನವರಿ — ನುಮಾಯಿಶ್ ವಸ್ತುಪ್ರದರ್ಶನ ಶುರುವಾಗಿ ನಾಂಪಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳು — ಊರಿಗೆ ಹೋಗಿ ಬಂದ ಬಸವಂತರಾವ್ ಚೀಲ ಕೆಳಗಿಡುವ ಮುಂಚೆಯೇ ಹೇಳಿದರು:

“ಮನ್ಯಾಗ ಲಗ್ನ ಗೊತ್ತ ಮಾಡ್ಯಾರ. ಅವ್ವನ ಮಾತು ಮೀರಾಕ ಆಗಲಿಲ್ಲ. ನಮ್ಮ ಕೆಲಸ ಮಾತ್ರ ನಿಲ್ಲೂದು ಬ್ಯಾಡ್ರಿ ಮೇಡಂ.”

ಮೇಡಂ! ಹಿಂದಿನ ವಾರದವರೆಗೆ ನಾನು ಅವರಿಗೆ ಬರೀ ‘ಕಸ್ತೂರಿ’. ಎರಡು ವರ್ಷದ ಪ್ರೀತಿಯನ್ನು ಒಂದು ಮಾತಿನಲ್ಲಿ ಮಡಿಸಿ ಒಳಗಿಟ್ಟುಬಿಟ್ಟರು. ಮತ್ತು ನಾನು — ನನ್ನನ್ನು ನೋಡಿ — ‘ಆಯ್ತ್ರಿ’ ಅಂದೆ. ಅಳಲಿಲ್ಲ, ಜಗಳ ಆಡಲಿಲ್ಲ. ಅವರ ಲಗ್ನದ ಊಟಕ್ಕೂ ಹೋಗಿ, ಹೋಳಿಗೆ ಇನ್ನೊಂದು ಹಾಕಿಸಿಕೊಂಡು ಉಂಡು ಬಂದೆ. ಅಲ್ಲಿಂದಾಚೆ ಅವರು ಮೇಜಿನ ಆ ಬದಿ, ನಾನು ಈ ಬದಿ. ಇಪ್ಪತ್ತನಾಲ್ಕು ವರ್ಷ ಅವರು ಒಂದು ದಿನವೂ ನನ್ನೊಡನೆ ಒರಟಾಗಿ ಮಾತಾಡಲಿಲ್ಲ. ಅದೇ ನನಗೆ ತಡೆಯಲಾಗದ್ದು. ಅವರು ಕೆಟ್ಟವರಾಗಿದ್ದರೆ ನನ್ನ ಸಿಟ್ಟಿಗೆ ಒಂದು ಜಾಗ ಸಿಗುತ್ತಿತ್ತು.

ಮೂರು ವರ್ಷದ ಹಿಂದೆ ಅವರ ಮಗಳ ಮದುವೆ ನಿಶ್ಚಯವಾಯಿತು. ಅದರ ಮರುದಿನ ಬೆಳಿಗ್ಗೆ ಪೇಡೆ ತಂದು ಮೇಜಿನ ಮೇಲಿಟ್ಟರು. ಮನಸ್ಸು ತುಂಬಿ ಬಂದಿತ್ತೇನೋ, ಕಿಟಕಿಯ ಕಡೆ ನೋಡುತ್ತ ಹೇಳಿದರು:

“ಸಿಟ್ಟಾಗಬ್ಯಾಡ್ರಿ, ಒಂದ್ ಮಾತ ಹೇಳ್ತೀನಿ. ಆವತ್ತ ನೀವು ಒಮ್ಮೆ ಬ್ಯಾಡ ಅಂದಿದ್ರ, ನಾ ಆ ಲಗ್ನ ಆಗ್ತಿದ್ದಿಲ್ಲ.”

ಅಂದರೆ — ತಪ್ಪು ನನ್ನದು! ಇವರ ಬಾಯಲ್ಲಿ ಬರಬೇಕಿದ್ದ ‘ಬೇಡ’ ನಾನು ಹೇಳಬೇಕಿತ್ತು! ಇಷ್ಟು ವರ್ಷ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದನ್ನು ಈ ಮನುಷ್ಯ ಒಪ್ಪಿಗೆ ಅಂದುಕೊಂಡಿದ್ದರು. ಆಗಲಾದರೂ ಪೇಡೆಯ ಡಬ್ಬಿ ಎತ್ತಿ ಎಸೆದು ಎರಡು ಮಾತು ಬೈದಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ. ನಾನು ಪೇಡೆ ತಿಂದೆ. ‘ಕಾಗದ ತೆಗೀರಿ’ ಅಂದೆ.

ಆ ಕಾಗದ ತಾಯವ್ವ ಎಂಬುವವರದು. ರಾಯಚೂರಿನ ಕಡೆಯ ಹೆಂಗಸು. ಹೊಲ ತನ್ನದೆಂದು ತೋರಿಸಲು ಅವರ ಬಳಿ ಇದ್ದದ್ದು ಅದೊಂದೇ ಪತ್ರ. ಮಧ್ಯಾಹ್ನದ ಬಸ್ಸಿಗೆ ವಾಪಸಾಗಬೇಕೆಂದು ಬಾಗಿಲ ಬಳಿ ಕೂತಿದ್ದರು. ಬಸವಂತರಾವ್ ಓದುತ್ತ ಹೋದರು. ಹೊಲದ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ಚಕ್ಕುಬಂದಿ ಬಂದಾಗ ತಲೆ ಎತ್ತಿ, “ಇವ ದಕ್ಷಿಣ ಮೊದಲ ಬರದಾನ್ರಿ, ಉತ್ತರ ಆಮ್ಯಾಲೆ. ಲಕ್ಷ್ಯ ಇರ್ಲಿ,” ಅಂದರು. ಕಚ್ಚಾ ಪುಸ್ತಕದಲ್ಲಿ ಸರಿಯಾಗಿಯೇ ಬರೆದುಕೊಂಡೆ: ದಕ್ಷಿಣಕ್ಕೆ ಗಾಡಿದಾರಿ, ಉತ್ತರಕ್ಕೆ ಹಳ್ಳ.

ನನಗೊಂದು ಅಭ್ಯಾಸವಿತ್ತು. ಒಳ್ಳೆಯ ಕಾಗದದಲ್ಲಿ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ದಿಕ್ಕುಗಳನ್ನು ಮೊದಲೇ ಬರೆದಿಟ್ಟು, ಆಮೇಲೆ ಮುಂದಿನ ಜಾಗ ತುಂಬುವುದು. ಆ ದಿನ ಕಣ್ಣು ಕಚ್ಚಾ ಪುಸ್ತಕದ ಮೇಲಿತ್ತು, ಮನಸ್ಸು ‘ಒಮ್ಮೆ ಬ್ಯಾಡ ಅಂದಿದ್ರ’ ಎನ್ನುವಲ್ಲೇ ಕುದಿಯುತ್ತಿತ್ತು. ಪುಸ್ತಕದಲ್ಲಿ ಬಂದ ಕ್ರಮದಲ್ಲೇ ತುಂಬಿಬಿಟ್ಟೆ. ಹಳ್ಳ ದಕ್ಷಿಣಕ್ಕೆ ಹೋಯಿತು, ದಾರಿ ಉತ್ತರಕ್ಕೆ ಬಂತು. ತಾಳೆ ನೋಡಿದ್ದರೆ ಒಂದೇ ಕ್ಷಣದಲ್ಲಿ ಸಿಕ್ಕಿಬೀಳುವ ತಪ್ಪು. ಆದರೆ ಅವರ ಎದುರು ಕೂತು ಗಟ್ಟಿಯಾಗಿ ಓದುವುದು — ನನ್ನ ದನಿ ಅವರಿಗೆ ಕೇಳಿಸುವುದು — ಆವತ್ತು ನನ್ನಿಂದ ಆಗುತ್ತಿರಲಿಲ್ಲ.

“ನಾನ ಕಚ್ಚಾ ಪುಸ್ತಕದ ಜೋಡಿ ನೋಡೀನ್ರಿ, ಸರಿ ಐತಿ. ಸಹಿ ಹಾಕ್ರಿ, ಪಾಪ ಆಕೀಗೆ ಬಸ್ ತಪ್ತೈತಿ,” ಅಂದೆ.

ಅವರು ನನ್ನ ಮುಖ ನೋಡಿದರು. ಬೆಳಗಿನ ಮಾತು ನನಗೆ ನೋವು ಮಾಡಿದೆಯೆಂದು ಅವರಿಗೆ ತಿಳಿದಿತ್ತು. ಅದಕ್ಕೇ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ತಾಳೆ ಇಲ್ಲದೆ ಸಹಿ ಹಾಕಿದರು.

ಮೂರು ತಿಂಗಳಿಗೆ ತಾಯವ್ವ ಮತ್ತೆ ಬಂದರು. ಈ ಸಲ ಕೂರಲಿಲ್ಲ.

“ನಮ್ಮ ಹೊಲದ ದಕ್ಷಿಣಕ್ಕ ಹಳ್ಳ ಎಲ್ಲಿ ಐತ್ರೀ? ಈ ಕಾಗದ ನಿನ್ನ ಹೊಲದ್ದ ಅಲ್ಲ ಅಂತ ಎದರಿನ ವಕೀಲ ಮಂದಿ ಮುಂದ ನಕ್ಕಾನ. ಏನ್ ಬರದ್ರಿ ನೀವು?”

ಬಸವಂತರಾವ್ ಉರ್ದು ಪತ್ರದ ನಕಲು ತೆಗೆದು ನೋಡಿದರು. ನಾನು ಆಗಲೇ ಕಚ್ಚಾ ಪುಸ್ತಕ ತೆರೆದಿದ್ದೆ. ಸರಿಯಾದ ಸಾಲು ನನ್ನ ಅಕ್ಷರದಲ್ಲೇ ನನ್ನ ಕಣ್ಣ ಮುಂದಿತ್ತು. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ.

“ಪತ್ರದಾಗ ಸರಿ ಐತಲ್ರೀ ಮೇಡಂ. ನನ್ನ ಬಾಯಾಗ ತಪ್ಪ ಬಂತೇನು?”

“ನೀವು ಓದಿದ್ದ ಹಂಗ್ರಿ. ಕಚ್ಚಾ ಪುಸ್ತಕದಾಗೂ ಹಂಗ ಐತಿ.”

“ದಕ್ಷಿಣ ಮೊದಲ ಐತಿ, ಲಕ್ಷ್ಯ ಇರ್ಲಿ ಅಂತ ಹೇಳಿದ್ದೆ ಅನಸ್ತೈತಿ...”

“ಇಲ್ಲ. ಹೇಳಿಲ್ಲ.”

ಇಷ್ಟೇ ಮಾತು. ಗಾಬರಿಯಿಂದ ಜಾರಿದ ಮಾತೆಂದು ನಾನು ಹೇಳುವುದಿಲ್ಲ. ಹೇಳುವಾಗ ನನಗೆ ಹಿತವಾಗಿತ್ತು. ಒಂದು ಸಲವಾದರೂ ತಪ್ಪು ಅವರದಾಗಲಿ, ತಲೆ ಅವರದು ತಗ್ಗಲಿ — ಅಂಥ ಕೊಳಕು ಹಿತ. ಪುಸ್ತಕ ತೋರಿಸಿ ಎಂದು ಕೇಳುತ್ತಾರೆ, ಆಗ ಜಗಳ ಆಗುತ್ತದೆ, ಇಪ್ಪತ್ತನಾಲ್ಕು ವರ್ಷದ್ದೆಲ್ಲ ಹೊರಗೆ ಬೀಳುತ್ತದೆ ಎಂದು ಕಾದಿದ್ದೆ. ಅವರು ಕೇಳಲೇ ಇಲ್ಲ. ಕನ್ನಡಕ ತೆಗೆದು, ನನಗಿಂತ ಚಿಕ್ಕವರಾದ ತಾಯವ್ವನಿಗೆ ಎರಡೂ ಕೈ ಮುಗಿದು, “ತಪ್ಪ ನಂದವ್ವ, ನಾ ಓದಿದ್ದ ತಪ್ಪ,” ಅಂದುಬಿಟ್ಟರು.

ತಾಯವ್ವನ ಪತ್ರವನ್ನು ಬೇರೆಯವರಿಂದ ಓದಿಸಿ ತಿದ್ದಿಸಿಕೊಟ್ಟೆವು. ಕೋರ್ಟು ಅದನ್ನು ಒಪ್ಪಿತು. ಬಸವಂತರಾವ್ ಮಾತ್ರ ಸುಧಾರಿಸಲಿಲ್ಲ. ಒಂದೊಂದು ಸಾಲನ್ನು ನಾಲ್ಕು ಸಲ ಓದುವರು, ಹೇಳಿದ್ದನ್ನು ಹಿಂದೆಗೆದುಕೊಳ್ಳುವರು, ‘ನಾ ಈಗ ಏನಂದೆ?’ ಎಂದು ನನ್ನನ್ನೇ ಕೇಳುವರು. ನನ್ನನ್ನು! ಕಣ್ಣಿನ ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರಂತೆ. “ಹಂಗಾರ ತಲೀನ ಹೋಗೇತಿ,” ಅಂದರು. ಒಂದು ತಿಂಗಳಿಗೆ ಬೀಗದ ಕೈ ಮೇಜಿನ ಮೇಲಿಟ್ಟು, “ನನ್ನ ಓದಿನ ಮ್ಯಾಲೆ ನನಗ ಭರೋಸಾ ಇಲ್ರಿ. ನಿಮ್ಮ ಹೆಸರೂ ಕೆಡಸೂದು ಬ್ಯಾಡ,” ಎಂದು ಹೊರಟರು. ಮೆಟ್ಟಿಲಿಳಿಯುವ ಸಪ್ಪಳ ಕೇಳುತ್ತ ನಾನು ಕೂತಿದ್ದೆ. ಕೂಗಿ ಕರೆಯಬಹುದಿತ್ತು. ನನ್ನ ಹೆಸರು ಕೆಡಬಾರದಂತೆ — ಹೋಗುವಾಗಲೂ ಒಳ್ಳೆಯತನ! ಅದಕ್ಕೂ ಸಿಟ್ಟು ಮಾಡಿಕೊಂಡೆ, ಬೇರೊಬ್ಬ ಓದುವವರನ್ನು ಹಿಡಿದು ಕೆಲಸ ಮುಂದುವರಿಸಿದೆ.

ಹೋದ ತಿಂಗಳು ಒಂದು ಭಾನುವಾರ ಅಬಿಡ್ಸ್‌ನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ನೋಡುತ್ತಿದ್ದೆ. ಬಸವಂತರಾವ್ ಕಚೇರಿಯಲ್ಲಿ ಬಳಸುತ್ತಿದ್ದ ಉರ್ದು ನಿಘಂಟು ಕಂಡಿತು. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ಅವರದೇ ಸಣ್ಣ ಕನ್ನಡ ಅಕ್ಷರ — ಯಾವ ಊರಿನ ಬರಹಗಾರ ಯಾವ ಅಕ್ಷರವನ್ನು ಹೇಗೆ ತಿರುಚುತ್ತಾನೆ, ಯಾರು ಎಲ್ಲಿ ಚುಕ್ಕಿ ನುಂಗುತ್ತಾನೆ. ಇಂಥದ್ದನ್ನು ಇನ್ನು ಯಾರೂ ಬರೆದಿಡುವವರಿಲ್ಲ. ಅದನ್ನು ಅವರು ರದ್ದಿಗೆ ಹಾಕಿದ್ದರು. ಅಲ್ಲೇ, ಜನ ತಳ್ಳಾಡುವ ಬೀದಿಯಲ್ಲೇ, ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು. ಆಟೋ ಹತ್ತಿ ನೇರ ಕಾಚಿಗೂಡದ ಅವರ ಮನೆಗೆ ಹೋದೆ.

ಬಾಗಿಲು ತೆರೆದ ಅವರ ಹೆಂಡತಿ ನೀರು ಕೊಟ್ಟು, “ಒಂದ್ ಪೇಪರ್ ಸೈತ ಮುಟ್ಟಿಲ್ರಿ ಮೂರ್ ವರ್ಷಾತು. ನೀವರ ಹೇಳಿ ನೋಡ್ರಿ,” ಅಂದರು. ಆಕೆಯ ಎದುರಿಗೇ ಬಸವಂತರಾವ್ ಅವರಿಗೆ ಎಲ್ಲ ಹೇಳಿದೆ. ಪೇಡೆ, ಆ ಮಾತು, ತಾಳೆ, ಪುಸ್ತಕ, ಸುಳ್ಳು — ಯಾವುದನ್ನೂ ಬಿಡಲಿಲ್ಲ.

“ನಾ ಸರಿ ಓದಿದ್ನೇನ್ರಿ?” ಅಂದರು ಬಸವಂತರಾವ್.

“ಹೌದ್ರಿ.”

“ಲಕ್ಷ್ಯ ಇರ್ಲಿ ಅಂತ ಹೇಳಿದ್ದೆ?”

“ಹೇಳಿದ್ರಿ.”

ಮತ್ತೆ ಅದನ್ನೇ ಕೇಳಿದರು. ಮತ್ತೆ ಹೌದೆಂದೆ. ಆಗ ಅವರಿಗೆ ಸಿಟ್ಟು ಬಂತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತರು. ಇವರು ಒಮ್ಮೆ ಹೀಗೆ ಸಿಟ್ಟಾಗಲಿ ಎಂದು ಅರ್ಧ ಆಯುಷ್ಯ ಕಾದವಳು ನಾನು. ಬಂದಾಗ ನೋಡಲಾಗಲಿಲ್ಲ.

“ಆ ಮಾತು ನಾ ಆಡಬಾರದಿತ್ತು, ಖರೇ. ಆವತ್ತ ಲಗ್ನ ಆಗಿದ್ದೂ ತಪ್ಪ, ಅದೂ ಖರೇ. ಅದಕ್ಕ ನನಗ ಬೈಬೇಕಿತ್ತು, ಚಪ್ಪಲೀಲೆ ಹೊಡೀಬೇಕಿತ್ತು. ನನ್ನ ಓದು ಯಾಕ ಕಸ್ಗೊಂಡಿ ಕಸ್ತೂರಿ?”

ನಾನು ಹೊರಟೆ. ಅವರ ಹೆಂಡತಿ ಬಾಗಿಲ ತನಕ ಬಂದರು. ನಾನು ಹೊರಗೆ ಕಾಲಿಟ್ಟೊಡನೆ ಬಾಗಿಲು ಹಾಕಿಕೊಂಡರು.

ಮರುದಿನವೇ ನಮಗೆ ಕೆಲಸ ಕೊಡುತ್ತಿದ್ದ ವಕೀಲರಿಗೆಲ್ಲ, ತಾಯವ್ವನಿಗೂ, ಸತ್ಯ ಬರೆದು ಕಳಿಸಿದೆ. ಇಂಥ ಕೆಲಸಕ್ಕೆ ಇನ್ನು ಕೈ ಹಾಕುವುದಿಲ್ಲ. ಅವರು ಮತ್ತೆ ಓದಲು ಕೂತರೋ ಇಲ್ಲವೋ ನನಗೆ ತಿಳಿಯದು, ವಿಚಾರಿಸುವ ಮುಖವೂ ನನಗಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ಮಾತ್ರ ನನಗೆ ಗೊತ್ತಿದೆ. ಅಲ್ಲಿ ನಿಂತಾಗಲೇ ಗೊತ್ತಿತ್ತು, ಬಾಯಿಗೆ ಬರಲಿಲ್ಲ. ಅವರ ಮನೆ, ಹೆಂಡತಿ, ಮಗಳು, ಅವರ ನಗು — ಯಾವುದರ ಹತ್ತಿರವೂ ನನ್ನ ಕೈ ಹೋಗುತ್ತಿರಲಿಲ್ಲ. ನನಗೆ ಎಟುಕುತ್ತಿದ್ದದ್ದು ಅವರ ಓದು ಒಂದೇ. ಅದಕ್ಕೇ ಅದನ್ನು ಕಸಿದುಕೊಂಡೆ.