ಮರಗಸಿ ಮುಗಿದ ಮೇಲೆ ಅಳೆದ ಬೆಟ್ಟ

ನಮ್ಮ ಮೇಡಂ ಯಾರನ್ನು ನೋಡಬೇಕಾದರೂ ಇಡೀ ಮುಖವನ್ನೇ ತಿರುಗಿಸುತ್ತಿದ್ದರು. ಚಿಕ್ಕಂದಿನಲ್ಲಿ ಕಾಫಿ ಗಿಡದ ಕೊಂಬೆ ಚುಚ್ಚಿ ಎಡಗಣ್ಣು ಹೋಗಿತ್ತಂತೆ. ಹಣೆಯಲ್ಲಿ ವಿಭೂತಿ, ಕೈಯಲ್ಲೊಂದು ಗಜನಿಂಬೆ, ಕಾಲೇಜಿನಲ್ಲಿ ಕ್ಲಾಸಿಗೆ ಬರುತ್ತಿದ್ದುದೇ ಹಾಗೆ. ಉಬ್ಬುತಗ್ಗಿನ ಆ ಹಣ್ಣನ್ನು ಮೇಜಿನ ಮೇಲಿಟ್ಟು, "ಇದರ ಮೈಯೆಲ್ಲ ಕಾಣ್ಬೇಕು. ಕಡಿಮೆ ಅಂದ್ರೆ ಎಷ್ಟು ಕ್ಯಾಮೆರಾ? ಎಲ್ಲೆಲ್ಲಿ ಇಡ್ತೀರಿ?" ಎನ್ನುತ್ತಿದ್ದರು. ಉತ್ತರ ಹೇಳಿದರೆ ಸುಮ್ಮನೆ ಮೆಚ್ಚುತ್ತಾರೆಯೇ, ಪುಣ್ಯಾತ್ಗಿತ್ತಿ! "ಕಂಡಿದ್ದು ಇರ್ಲಿ ಮಾರಾಯ, ಕಾಣದೆ ಉಳಿದಿದ್ದು ಎಲ್ಲಿ, ಅದನ್ನ ಹೇಳು" ಎಂದು ಹಣ್ಣನ್ನು ತಿರುಗಿಸುತ್ತಿದ್ದರು.

ಮಾದಾಪುರದ ಆಚೆ ಒಂದು ಎಸ್ಟೇಟಿನಲ್ಲಿ, ಕೆಲಸದವರ ಲೈನ್‌ಮನೆಗಳ ಹಿಂದಿನ ಬೆಟ್ಟ ಬಿರುಕು ಬಿಟ್ಟಿತ್ತು. ಮಣ್ಣು ಅಲುಗಿದರೆ ತಿಳಿಸುವ ಕ್ಯಾಮೆರಾಗಳನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಕೆಲಸ ಮೇಡಂಗೆ ಬಂತು. ಜೊತೆಗೆ ಅವರ ಶಿಷ್ಯನಾದ ನಾನು. ಡ್ರೋನ್ ಹಾರಿಸಿ ಬೆಟ್ಟವನ್ನು ಅಳೆದು ಕಂಪ್ಯೂಟರಿಗೆ ಹಾಕಿದೆವು. ಎಲ್ಲಕ್ಕಿಂತ ಹೆಚ್ಚು ಕಾಣುವ ಜಾಗ ಮೊದಲು, ಅಲ್ಲಿಂದ ಕಾಣದೆ ಉಳಿದುದರಲ್ಲಿ ಹೆಚ್ಚು ಕಾಣುವ ಜಾಗ ಆಮೇಲೆ. ಹೀಗೆ ಆರಿಸುತ್ತ ಹೋದಾಗ ನಾಲ್ಕೇ ಸಾಕೆಂದು ಬಂತು. ಎಸ್ಟೇಟಿನ ಮ್ಯಾನೇಜರಿಗೆ ಖುಷಿಯಾಯಿತು.

ಆದರೆ ನಾವು ಅಳೆದದ್ದು ಮರಗಸಿ ಮುಗಿದ ಹೊಸತರಲ್ಲಿ. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿದು ತೋಟಕ್ಕೆ ಬೆಳಕು ಬಿಡುವುದು ನಮ್ಮಲ್ಲಿ ವರ್ಷವೂ ಇದ್ದದ್ದೇ. ಇದ್ದದ್ದೇ ಆದ್ದರಿಂದಲೋ ಏನೋ, ಇಲ್ಲೇ ಹುಟ್ಟಿ ಬೆಳೆದ ಇಬ್ಬರಿಗೂ ಹೊಳೆಯಲಿಲ್ಲ. ಜುಲೈ ನಡುವೆ ಕಕ್ಕಡದ ಮಳೆ ಹಿಡಿಯುವಷ್ಟರಲ್ಲಿ ನೆರಳಿನ ಹಾಲುವಾಣದ ಮರ ಮತ್ತೆ ಚಿಗುರಿ ದಟ್ಟವಾಗಿತ್ತು.

ಒಂದು ಬೆಳಿಗ್ಗೆ ಕ್ಯಾಮೆರಾಗಳ ಚಿತ್ರ ನೋಡುತ್ತಿದ್ದ ಮೇಡಂ ಮುಖ ತಿರುಗಿಸಿ ನನ್ನನ್ನು ನೋಡಿದರು. ನಾಲ್ಕರಲ್ಲೂ ಎಲೆ. ಬಿರುಕಿನ ಕೆಳಗಿನ ಒಂದು ಪಟ್ಟಿ ಯಾವುದರಲ್ಲೂ ಇಲ್ಲ. ಸಿಕ್ಕಿದ ಬಸ್ಸು ಹತ್ತಿದೆವು.

"ಲೈನ್ ಖಾಲಿ ಮಾಡಿಸಿ, ಇವತ್ತೇ" ಎಂದರು ಮ್ಯಾನೇಜರಿಗೆ.

"ನಾಲ್ಕು ಸಾಕು ಅಂತ ನೀವೇ ಅಲ್ವಾ ಮೇಡಂ ಹೇಳಿದ್ದು? ಕ್ಯಾಮೆರಾದಲ್ಲಿ ಏನೂ ತೋರಿಸ್ತಿಲ್ವಲ್ಲ."

"ನಾನೇ ಹೇಳಿದ್ದು. ತಪ್ಪು ಹೇಳಿದೆ. ಏನೂ ಆಗಿಲ್ಲ ಅಂತಲ್ಲ, ನಮಗೆ ಕಾಣ್ತಿಲ್ಲ."

"ಈ ಮಳೇಲಿ ಕೂಸನ್ನ ಎತ್ಕೊಂಡು ಎಲ್ಲಿಗೆ ಸಾಯ್ಲಿ?" ಎಂದು ಲೈನಿನ ಹೆಂಗಸೊಬ್ಬಳು ಸರಿಯಾಗಿ ಬೈದಳು. ಮೇಡಂ ಅವಳ ಬಟ್ಟೆಗಂಟನ್ನು ತಲೆಯ ಮೇಲಿಟ್ಟುಕೊಂಡು ಊರ ಶಾಲೆಯ ಕಡೆ ಇಳಿದರು. ಅವಳೂ ಇಳಿದಳು, ಅವಳ ಹಿಂದೆ ಮಿಕ್ಕವರೂ.

ಆ ವಾರವೇ ಅದೇ ಪಟ್ಟಿ ಕುಸಿದು ಲೈನ್‌ಮನೆಗಳ ಮೇಲೆ ಬಂತು. ಒಳಗೆ ಯಾರೂ ಇರಲಿಲ್ಲ. ಹೊಗಳಲು ಬಂದವರಿಗೆಲ್ಲ ಮೇಡಂ, "ಬೇಡಿ. ನಮ್ಮ ಕ್ಯಾಮೆರಾ ಅದನ್ನ ನೋಡ್ಲೇ ಇಲ್ಲ" ಎಂದು ಒಳಗೆ ಹೋಗಿಬಿಡುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವರು ಲಿಂಗೈಕ್ಯರಾದರು. ಸಮಾಧಿಗೆ ಮಣ್ಣು ಹಾಕುವ ಹೊತ್ತಿಗೆ ಆ ಹೆಂಗಸೂ ಬಂದಿದ್ದಳು. "ಅವತ್ತು ಬಾಯಿಗೆ ಬಂದಂಗೆ ಬೈದ್ಬಿಟ್ಟೆ ಸಾರ್" ಎಂದು ಅತ್ತಳು. ನನಗೂ ತಡೆಯಲಾಗಲಿಲ್ಲ.

ಈಗ ಆ ಕೆಲಸ ನನ್ನದು. ಕಂಪ್ಯೂಟರ್ ಇಷ್ಟೇ ಸಾಕು ಅನ್ನುತ್ತದೆ. ಮರಗಸಿಗೆ ಮೊದಲು, ಎಲೆ ದಟ್ಟವಾಗಿರುವಾಗ, ನಾನು ಬೆಟ್ಟ ಹತ್ತುತ್ತೇನೆ. ಕ್ಯಾಮೆರಾ ಇಡಬೇಕಾದ ಒಂದೊಂದು ಜಾಗದಲ್ಲೂ ನಿಂತು, ಎಡಗಣ್ಣು ಮುಚ್ಚಿ, ಇಡೀ ಮುಖ ತಿರುಗಿಸಿ ನೋಡುತ್ತೇನೆ.